ಕೂಡಿಸುವಾಗ ಮನೆಮಂದಿ, ಕಳೆಯುವಾಗ ಒಬ್ಬನೇ

ಪುಣೆಯಲ್ಲಿ ನೌಕರಿ ಮಾಡುವ ಮಗ ಹಾವೇರಿಯಲ್ಲಿರುವ ಅಪ್ಪ ಅಮ್ಮನಿಗೆ ತಿಂಗಳು ತಿಂಗಳು ಹಣ ಕಳಿಸುತ್ತಾನೆ ಎಂದುಕೊಳ್ಳೋಣ. ಅವರ ರೇಷನ್ನು, ಔಷಧಿ, ಕರೆಂಟ್ ಬಿಲ್ಲು ಎಲ್ಲ ನಡೆಯುವುದು ಅದರಲ್ಲೇ. ಆದರೆ ಜುಲೈನಲ್ಲಿ ರಿಟರ್ನ್ ತುಂಬಲು ಕೂತಾಗ ಆ ಹಣವನ್ನು ಬರೆಯಲು ಜಾಗವೇ ಇಲ್ಲ. ಅದೇ ಮಗ ತನ್ನ ದುಡ್ಡಿನಲ್ಲಿ ಹೆಂಡತಿಯ ಹೆಸರಿಗೆ ಒಂದು ಎಫ್‌ಡಿ ಮಾಡಿಸಿದರೆ, ಅದರ ಬಡ್ಡಿಯನ್ನು ತನ್ನ ಆದಾಯಕ್ಕೇ ಸೇರಿಸಿ ತೋರಿಸಬೇಕು. ಹತ್ತು ವರ್ಷದ ಮಗಳ ಹೆಸರಿಗೆ ಮಾಡಿಸಿದರೆ, ಗಂಡ ಹೆಂಡತಿಯಲ್ಲಿ ಯಾರ ಆದಾಯ ಹೆಚ್ಚೋ ಅವರ ಲೆಕ್ಕಕ್ಕೆ ಬಡ್ಡಿ ಬಂದು ಸೇರುತ್ತದೆ.

ತೆರಿಗೆಯ ಹಂಗಾಮಿನಲ್ಲಿ ಎಲ್ಲ ಊರುಗಳ ಆಫೀಸುಗಳಲ್ಲೂ ಕೇಳಿಬರುವ ಪ್ರಶ್ನೆಗಳು ಇವೇ. ತಂದೆ ತಾಯಿಯನ್ನು ಅವಲಂಬಿತರೆಂದು ತೋರಿಸಬಹುದೇ? ಮಗುವಿನ ಖಾತೆಯ ಬಡ್ಡಿ ಯಾರದು? ಗಂಡ ಹೆಂಡತಿ ಸೇರಿ ಒಂದೇ ರಿಟರ್ನ್ ಸಲ್ಲಿಸಬಹುದೇ? ಎಚ್‌ಯುಎಫ್ ಮಾಡಿಕೊಂಡರೆ ಉಳಿತಾಯ ಅಂತಾರಲ್ಲ, ಹೌದೇ? ಉತ್ತರಗಳನ್ನು ಒಂದೊಂದು ಸಾಲಿನಲ್ಲಿ ಹೇಳಿಬಿಡಬಹುದು. ಆದರೆ ಆ ಉತ್ತರಗಳು ಹಾಗೇಕೆ ಇವೆ ಎಂಬುದಕ್ಕೆ 160 ವರ್ಷಗಳಿಗೂ ಹಿಂದಕ್ಕೆ ಹೋಗಬೇಕು. ತೆರಿಗೆ ಕಟ್ಟುವುದು ಮನುಷ್ಯನೋ, ಮನೆಯೋ ಎಂಬ ಪ್ರಶ್ನೆಯನ್ನು ಈ ದೇಶದ ಕಾನೂನು ಅಷ್ಟು ಕಾಲದಿಂದ ಬೇರೆ ಬೇರೆ ಸಂದರ್ಭದಲ್ಲಿ ಬೇರೆ ಬೇರೆ ರೀತಿ ಬಗೆಹರಿಸುತ್ತ ಬಂದಿದೆ.

ಒಂದು ಒಲೆ, ಒಂದು ನೋಟಿಸು

1857ರ ದಂಗೆಯನ್ನು ಅಡಗಿಸುವಷ್ಟರಲ್ಲಿ ಬ್ರಿಟಿಷ್ ಸರ್ಕಾರದ ಖಜಾನೆ ಸಾಲದಲ್ಲಿ ಮುಳುಗಿತ್ತು. ಅದನ್ನು ಸರಿಪಡಿಸಲು ಲಂಡನ್ನಿನಿಂದ ಕಲ್ಕತ್ತೆಗೆ ಬಂದವರು ಜೇಮ್ಸ್ ವಿಲ್ಸನ್. ಟೋಪಿ ತಯಾರಿಕೆಯಿಂದ ಬದುಕು ಆರಂಭಿಸಿ, 1843ರಲ್ಲಿ 'ದಿ ಎಕನಾಮಿಸ್ಟ್' ಪತ್ರಿಕೆ ಕಟ್ಟಿದ್ದ ಮನುಷ್ಯ. 1860ರ ಫೆಬ್ರವರಿ 18ರಂದು ಅವರು ಮಂಡಿಸಿದ ಬಜೆಟ್ಟಿನಲ್ಲಿ ಭಾರತದ ಮೊದಲ ಆದಾಯ ತೆರಿಗೆಯ ಪ್ರಸ್ತಾಪವಿತ್ತು. ವರ್ಷಕ್ಕೆ 200ರಿಂದ 500 ರೂಪಾಯಿ ಆದಾಯವಿದ್ದವರಿಗೆ ಶೇ. 2, ಅದಕ್ಕೂ ಹೆಚ್ಚಿದ್ದವರಿಗೆ ಶೇ. 4. ಮದ್ರಾಸಿನ ಗವರ್ನರ್ ಚಾರ್ಲ್ಸ್ ಟ್ರೆವೆಲಿಯನ್ ಇದನ್ನು ಬಹಿರಂಗವಾಗಿ ವಿರೋಧಿಸಿ ಹುದ್ದೆ ಕಳೆದುಕೊಂಡರು. ಜುಲೈ 24ರಂದು ಕಾಯ್ದೆಗೆ ಒಪ್ಪಿಗೆ ಸಿಕ್ಕಿತು. ಆಗಸ್ಟ್ 11ರಂದು ವಿಲ್ಸನ್ ಕಲ್ಕತ್ತೆಯಲ್ಲೇ ಆಮಶಂಕೆಯಿಂದ ತೀರಿಕೊಂಡರು. ಐದು ವರ್ಷಕ್ಕೆಂದು ಬಂದ ಆ ತೆರಿಗೆ 1865ರಲ್ಲಿ ಮುಗಿಯಿತು. ಆಮೇಲೆ ಬೇರೆ ಬೇರೆ ಹೆಸರಿನಲ್ಲಿ ಬಂತು, ಹೋಯಿತು, ಮತ್ತೆ ಬಂತು.

ಅದು ನೆಲೆ ನಿಂತದ್ದು 1886ರ ಕಾಯ್ದೆಯಿಂದ. ಕೃಷಿ ಆದಾಯವನ್ನು ಹೊರಗಿಟ್ಟ ಕಾಯ್ದೆಯೆಂದು ಅದನ್ನು ನೆನೆಯುವುದು ವಾಡಿಕೆ. ಮನೆಯ ಮಟ್ಟಿಗೆ ಅದು ಮಾಡಿದ ಇನ್ನೊಂದು ಕೆಲಸ ಅಷ್ಟೇ ದೊಡ್ಡದು. ತೆರಿಗೆ ಕಟ್ಟಬೇಕಾದ 'ವ್ಯಕ್ತಿ' ಯಾರು ಎಂದು ವಿವರಿಸುವಾಗ ಅದು ಹಿಂದೂ ಅವಿಭಕ್ತ ಕುಟುಂಬವನ್ನೂ ವ್ಯಕ್ತಿಗಳ ಸಾಲಿಗೆ ಸೇರಿಸಿತು. ಕುಟುಂಬ ತೆರಿಗೆ ಕಟ್ಟಿದ ಮೇಲೆ ಅದರ ಸದಸ್ಯನಿಗೆ ಬರುವ ಪಾಲಿನ ಮೇಲೆ ಮತ್ತೆ ತೆರಿಗೆ ಇಲ್ಲ ಎಂದೂ ಹೇಳಿತು.

ಇದರ ಹಿಂದಿನ ಅನುಕೂಲ ಅರ್ಥವಾಗುವಂಥದ್ದೇ. ಅಜ್ಜ, ಮೂವರು ಗಂಡುಮಕ್ಕಳು, ಅವರ ಮಕ್ಕಳು ಎಲ್ಲರೂ ಒಂದೇ ಅಂಗಡಿಯಿಂದ ಬದುಕುವ ಮನೆಯಲ್ಲಿ ಯಾರ ಗಳಿಕೆ ಎಷ್ಟು ಎಂದು ಬಿಡಿಸುವವರು ಯಾರು? ಮನೆಯ ಯಜಮಾನನಿಗೆ ಒಂದು ನೋಟಿಸು ಕೊಟ್ಟರೆ ಕೆಲಸ ಮುಗಿಯಿತು. ಆ ಯಜಮಾನನಿಗೆ ಕಾನೂನಿನ ಭಾಷೆಯಲ್ಲಿ 'ಕರ್ತಾ' ಎಂದು ಹೆಸರು. ವ್ಯಾಕರಣದ ಕರ್ತೃವಿನ ಹಾಗೆಯೇ ಕ್ರಿಯೆಯೆಲ್ಲ ಅವನದು, ಮನೆಯ ಉಳಿದವರು ಅವನ ವಾಕ್ಯದೊಳಗೆ ಇರುವವರು. 1922ರ ಕಾಯ್ದೆಯೂ 1961ರ ಕಾಯ್ದೆಯೂ ಈ ಏರ್ಪಾಟನ್ನು ಹಾಗೆಯೇ ಮುಂದುವರಿಸಿದವು. ಸ್ವಾತಂತ್ರ್ಯದ ನಂತರ ಇದಕ್ಕೊಂದು ಲಾಭವೂ ಅಂಟಿಕೊಂಡಿತ್ತು. 1950ರ ದಶಕದ ಆರಂಭದಲ್ಲಿ ಒಬ್ಬ ವ್ಯಕ್ತಿಗೆ ತೆರಿಗೆ ತಗಲದ ಮಿತಿ 4,200 ರೂಪಾಯಿ ಇದ್ದಾಗ, ಕೆಲವು ಷರತ್ತು ಪೂರೈಸುವ ಅವಿಭಕ್ತ ಕುಟುಂಬಕ್ಕೆ ಅದು ಎರಡು ಪಟ್ಟು, 8,400 ರೂಪಾಯಿ ಇತ್ತು.

ಮೈಸೂರಿನಿಂದ ಹೋದ ಎರಡು ಕೇಸು

ಹಾಗಾದರೆ ಎಷ್ಟು ಜನ ಇದ್ದರೆ ಅದು ಕುಟುಂಬ? ಈ ಪ್ರಶ್ನೆಗೆ ಸುಪ್ರೀಂ ಕೋರ್ಟ್ ಕೊಟ್ಟ ಎರಡು ಮುಖ್ಯ ಉತ್ತರಗಳು ನಮ್ಮ ನಾಡಿನಿಂದ ಹೋದ ಕೇಸುಗಳಲ್ಲೇ ಇವೆ.

ಮೈಸೂರು, ಹೈದರಾಬಾದ್‌ನಂಥ ಹಳೆಯ ಸಂಸ್ಥಾನಗಳ ಪ್ರದೇಶಗಳಿಗೆ ಕೇಂದ್ರದ ಆದಾಯ ತೆರಿಗೆ ಕಾಯ್ದೆ ಅನ್ವಯವಾದದ್ದು 1950ರ ಏಪ್ರಿಲ್‌ನಿಂದ. ಮೊದಲ ಕೇಸು ಅದರ ಬೆನ್ನಿಗೇ ಶುರುವಾದದ್ದು. ಬುದ್ದಪ್ಪ ಎಂಬ ವ್ಯಾಪಾರಿ 1952ರ ಜುಲೈನಲ್ಲಿ ತೀರಿಕೊಂಡರು. ಹೆಂಡತಿ, ಮದುವೆಯಾಗದ ಇಬ್ಬರು ಹೆಣ್ಣುಮಕ್ಕಳು, ಮಗ ಬುದ್ದಣ್ಣ ಉಳಿದರು. ತೆರಿಗೆ ಅಧಿಕಾರಿ 1951-52ನೇ ಸಾಲಿನ ಆದಾಯಕ್ಕೆ ಬುದ್ದಣ್ಣನನ್ನು ಅವಿಭಕ್ತ ಕುಟುಂಬದ ಯಜಮಾನನೆಂದು ಲೆಕ್ಕ ಹಾಕಿದರು. ಬುದ್ದಣ್ಣನ ವಾದ ಬೇರೆ. ಹಿಂದೂ ಕಾನೂನಿನಲ್ಲಿ ಹುಟ್ಟಿನಿಂದ ಆಸ್ತಿಯ ಹಕ್ಕು ಇರುವುದು ಗಂಡಸರಿಗೆ, ಆ ಮನೆಯಲ್ಲಿ ಉಳಿದ ಗಂಡಸು ತಾನೊಬ್ಬನೇ, ಹಾಗಾಗಿ ಇದು ಕುಟುಂಬದ ಆದಾಯವಲ್ಲ, ತನ್ನೊಬ್ಬನ ಆದಾಯ. 1966ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ತಂದೆಯ ಕೈಯಲ್ಲಿದ್ದಾಗ ಕುಟುಂಬದ್ದಾಗಿದ್ದ ಆಸ್ತಿ ಮಗನ ಕೈಗೆ ಬಂದಾಗಲೂ ಕುಟುಂಬದ್ದೇ. ಮನೆಯಲ್ಲಿ ಇಬ್ಬರು ಗಂಡಸರು ಇರಲೇಬೇಕೆಂದಿಲ್ಲ, ಒಬ್ಬ ಗಂಡಸಿನ ಜೊತೆ ಹೆಂಗಸರು ಇದ್ದರೂ ತೆರಿಗೆಯ ಮಟ್ಟಿಗೆ ಅದು ಅವಿಭಕ್ತ ಕುಟುಂಬ.

ಎರಡನೆಯದು ಬೆಂಗಳೂರಿನ ತೆರಿಗೆ ಆಯುಕ್ತರ ವಿರುದ್ಧ ಸಿ. ಕೃಷ್ಣಪ್ರಸಾದ್ ನಡೆಸಿದ ಕೇಸು. 1958ರಲ್ಲಿ ತಂದೆ ಮತ್ತು ಇಬ್ಬರು ಮಕ್ಕಳ ನಡುವೆ ಆಸ್ತಿ ಪಾಲಾಗಿತ್ತು. ತನ್ನ ಪಾಲಿಗೆ ಬಂದದ್ದು ಪಿತ್ರಾರ್ಜಿತ ಆಸ್ತಿ, ನಾಳೆ ಮದುವೆಯಾಗಿ ಮಗ ಹುಟ್ಟಿದರೆ ಅವನಿಗೂ ಅದರಲ್ಲಿ ಹಕ್ಕು, ಆದ್ದರಿಂದ ತನ್ನನ್ನು ಅವಿಭಕ್ತ ಕುಟುಂಬವೆಂದೇ ಪರಿಗಣಿಸಬೇಕು ಎಂದು ಅವರು ಕೇಳಿದರು. ಆಗಿನ್ನೂ ಅವರಿಗೆ ಮದುವೆಯಾಗಿರಲಿಲ್ಲ. 1974ರಲ್ಲಿ ಸುಪ್ರೀಂ ಕೋರ್ಟ್ ಕುಟುಂಬ ಎಂಬ ಪದಕ್ಕೇ ಒಬ್ಬರಿಗಿಂತ ಹೆಚ್ಚು ಜನ ಬೇಕು ಎಂದಿತು. ಮುಂದೆ ಬರಬಹುದಾದವರನ್ನು ಎಣಿಸಿ ಇಂದಿನ ಕುಟುಂಬ ಆಗುವುದಿಲ್ಲ.

ಒಬ್ಬರು ತಾನು ಒಂಟಿ ಎಂದರು, ಕೋರ್ಟು ಮನೆಯವರನ್ನು ತೋರಿಸಿತು. ಇನ್ನೊಬ್ಬರು ತಾನು ಕುಟುಂಬ ಎಂದರು, ಕೋರ್ಟು ಅವರ ಪಕ್ಕದ ಖಾಲಿ ಜಾಗ ತೋರಿಸಿತು. ಎರಡೂ ತೀರ್ಪುಗಳು ತರ್ಕಬದ್ಧವೇ. ಎರಡರಲ್ಲೂ ಗೆದ್ದದ್ದು ಇಲಾಖೆ.

'ಯಾವುದೇ ವ್ಯಕ್ತಿ' ಎಂದರೆ ಯಾರು?

ಅವಿಭಕ್ತ ಕುಟುಂಬದ ಆಚೆ, ಸಾಮಾನ್ಯ ಗಂಡ ಹೆಂಡತಿ ಮಕ್ಕಳ ಸಂಸಾರವನ್ನು ಕಾನೂನು ಹೇಗೆ ನೋಡಿತು? ಬ್ರಿಟನ್ನಿನಲ್ಲಿ ಹತ್ತೊಂಬತ್ತನೇ ಶತಮಾನದ ಆರಂಭದಿಂದ 1990ರವರೆಗೂ ಹೆಂಡತಿಯ ಆದಾಯವನ್ನು ಗಂಡನದೆಂದೇ ಲೆಕ್ಕ ಹಾಕುತ್ತಿದ್ದರು. ಭಾರತದಲ್ಲಿ ಹಾಗೆ ಮಾಡಲಿಲ್ಲ. ದುಡಿಯುವ ಹೆಂಡತಿ ಇಲ್ಲಿ ಪ್ರತ್ಯೇಕ ತೆರಿಗೆದಾರಳು. ಜಂಟಿ ರಿಟರ್ನ್ ಇಲ್ಲದಿರುವುದಕ್ಕೆ ಮೂಲ ಇದು.

ಇದರಲ್ಲಿ ಒಂದು ಸಂದು ಇತ್ತು. ತೆರಿಗೆಯ ದರ ಆದಾಯದ ಜೊತೆ ಏರುವುದರಿಂದ, ದೊಡ್ಡ ಆದಾಯವನ್ನು ಮನೆಯವರ ಹೆಸರಿಗೆ ಹಂಚಿದರೆ ಒಟ್ಟು ತೆರಿಗೆ ಇಳಿಯುತ್ತದೆ. ವ್ಯಾಪಾರಿಗಳು ಹೆಂಡತಿಯನ್ನು ಪಾಲುದಾರಳಾಗಿ ಮಾಡಿಕೊಂಡರು, ಚಿಕ್ಕ ಮಕ್ಕಳನ್ನು ಲಾಭದ ಪಾಲಿಗೆ ಸೇರಿಸಿದರು. 1936ರ ತೆರಿಗೆ ವಿಚಾರಣಾ ವರದಿ ಇದರತ್ತ ಬೆರಳು ಮಾಡಿತು. ಮರುವರ್ಷವೇ 1922ರ ಕಾಯ್ದೆಗೆ ತಿದ್ದುಪಡಿಯಾಯಿತು: ಯಾವುದೇ ವ್ಯಕ್ತಿಯ ಹೆಂಡತಿ ಅಥವಾ ಅಪ್ರಾಪ್ತ ಮಗು ಅದೇ ವ್ಯಕ್ತಿಯ ಪಾಲುದಾರಿಕೆಯಿಂದ, ಇಲ್ಲವೇ ಆತ ಪ್ರತಿಫಲವಿಲ್ಲದೆ ವರ್ಗಾಯಿಸಿದ ಆಸ್ತಿಯಿಂದ ಪಡೆದ ಆದಾಯವನ್ನು ಆತನ ಆದಾಯಕ್ಕೇ ಸೇರಿಸಬೇಕು. ಇಂದು 'ಕ್ಲಬ್ಬಿಂಗ್' ಎಂದು ಕರೆಯುವ ನಿಯಮ ಹುಟ್ಟಿದ್ದು ಹೀಗೆ.

'ಯಾವುದೇ ವ್ಯಕ್ತಿ' ಎಂಬಲ್ಲಿ ಹೆಂಗಸು ಸೇರುತ್ತಾಳೆಯೇ? ವಿಧವೆ ತಾಯಿ ಪಾಲುದಾರಳಾಗಿರುವ ಸಂಸ್ಥೆಯಲ್ಲಿ ಅವಳ ಚಿಕ್ಕ ಮಕ್ಕಳಿಗೂ ಲಾಭದ ಪಾಲಿದ್ದರೆ ಅದನ್ನು ತಾಯಿಯ ಆದಾಯಕ್ಕೆ ಸೇರಿಸಬೇಕೇ? ಸೋದ್ರಾ ದೇವಿ ಕೇಸಿನಲ್ಲಿ 1957ರಲ್ಲಿ ಸುಪ್ರೀಂ ಕೋರ್ಟ್ ಬಹುಮತದಿಂದ ಇಲ್ಲವೆಂದಿತು. ಈ ನಿಯಮದಲ್ಲಿ 'ವ್ಯಕ್ತಿ' ಎಂದರೆ ಗಂಡಸು ಮಾತ್ರ. ಹೆಂಗಸು ಮನೆಗೆ ಆಧಾರವಾಗಿರಬಹುದು ಎಂಬುದು 1937ರಲ್ಲಿ ಆ ವಾಕ್ಯ ಬರೆದವರ ಕಣ್ಣ ಮುಂದೆ ಇರಲೇ ಇಲ್ಲ. 1961ರ ಹೊಸ ಕಾಯ್ದೆ 'ಹೆಂಡತಿ' ಎಂಬ ಪದದ ಬದಲು ಗಂಡ ಹೆಂಡತಿ ಇಬ್ಬರಿಗೂ ಹೊಂದುವ ಪದವನ್ನು ತಂದು ಈ ಬಾಗಿಲು ಮುಚ್ಚಿತು.

ಅದೇ 1961ರಲ್ಲಿ ಅಕೋಲಾದ ಬಾಲಾಜಿ ಎಂಬ ತೆರಿಗೆದಾರರ ಕೇಸಿನಲ್ಲಿ ಕ್ಲಬ್ಬಿಂಗ್ ಸಂವಿಧಾನಬದ್ಧ ಎಂದೂ ತೀರ್ಮಾನವಾಯಿತು. ಹೆಂಡತಿ ಮಕ್ಕಳ ಜೊತೆ ಪಾಲುದಾರಿಕೆ ಮಾಡಿದವನನ್ನು ಬೇರೆಯವರ ಜೊತೆ ಮಾಡಿದವನಿಗಿಂತ ಭಿನ್ನವಾಗಿ ನೋಡುವುದು ತಾರತಮ್ಯವಲ್ಲ, ತೆರಿಗೆ ತಪ್ಪಿಸುವುದನ್ನು ತಡೆಯುವ ಕ್ರಮ ಎಂದು ಕೋರ್ಟ್ ಹೇಳಿತು.

ಕಾನೂನು ಅಕ್ಷರಕ್ಕೆ ಎಷ್ಟು ಬದ್ಧ ಎಂಬುದಕ್ಕೆ ಕಲ್ಕತ್ತೆಯ ಥಾಮಸ್ ಕೇಸು ಒಳ್ಳೆಯ ಉದಾಹರಣೆ. ಫಿಲಿಪ್ ಜಾನ್ ಪ್ಲಾಸ್ಕೆಟ್ ಥಾಮಸ್ 1947ರ ಡಿಸೆಂಬರ್‌ನಲ್ಲಿ, ಮದುವೆಗೆ ಕೆಲವೇ ದಿನ ಮುಂಚೆ, ತಾವು ಮದುವೆಯಾಗಲಿದ್ದ ಹೆಣ್ಣಿಗೆ ಷೇರುಗಳನ್ನು ಉಡುಗೊರೆ ಕೊಟ್ಟರು. ಆ ಷೇರುಗಳ ಡಿವಿಡೆಂಡ್ ಗಂಡನ ಆದಾಯವೇ? ಸುಪ್ರೀಂ ಕೋರ್ಟ್ 1963ರಲ್ಲಿ ಅಲ್ಲವೆಂದಿತು. ಕೊಟ್ಟ ದಿನ ಆಕೆ ಹೆಂಡತಿಯಾಗಿರಲಿಲ್ಲ. ನಿಶ್ಚಿತಾರ್ಥಕ್ಕೆ ಕೊಟ್ಟದ್ದಕ್ಕೆ ಒಂದು ನ್ಯಾಯ, ಅಕ್ಷತೆ ಬಿದ್ದ ಮೇಲೆ ಕೊಟ್ಟದ್ದಕ್ಕೆ ಇನ್ನೊಂದು. ಇವತ್ತಿಗೂ ಇದೇ ನಿಯಮ.

ಸಂಸಾರದ ಖರ್ಚು ಕಾನೂನಿಗೆ ಕಂಡ ಕೆಲವು ವರ್ಷ

ಇಲ್ಲಿಯವರೆಗಿನ ನಿಯಮಗಳೆಲ್ಲ ಕುಟುಂಬದ ಗಳಿಕೆಯನ್ನು ಒಟ್ಟುಗೂಡಿಸಲು ಬಂದವು. ಕುಟುಂಬ ಎಂದರೆ ಖರ್ಚೂ ಹೌದು ಎಂದು ಕಾನೂನು ಒಪ್ಪಿಕೊಂಡ ಕಾಲವೂ ಒಂದಿತ್ತು.

1955ರ ಬಜೆಟ್ಟಿನಲ್ಲಿ ಹಣಕಾಸು ಸಚಿವ ಸಿ.ಡಿ. ದೇಶಮುಖ್ ಕುಟುಂಬ ಭತ್ಯೆಯ ವ್ಯವಸ್ಥೆಯೊಂದನ್ನು ತಂದರು. ಅಲ್ಲಿಯವರೆಗೆ ತೆರಿಗೆ ಲೆಕ್ಕ ಹಾಕುವಾಗ ಮೊದಲ 1,500 ರೂಪಾಯಿಯನ್ನು ಎಲ್ಲರಿಗೂ ಬಿಡಲಾಗುತ್ತಿತ್ತು. ಅದು ಮದುವೆಯಾದವರಿಗೆ 2,000ಕ್ಕೆ ಏರಿತು, ಮದುವೆಯಾಗದವರಿಗೆ 1,000ಕ್ಕೆ ಇಳಿಯಿತು. ಬಳಿಕ ಟಿ.ಟಿ. ಕೃಷ್ಣಮಾಚಾರಿಯವರ ಕಾಲದಲ್ಲಿ ಮಕ್ಕಳೂ ಲೆಕ್ಕಕ್ಕೆ ಬಂದರು. 1958ರ ಹೊತ್ತಿಗೆ ಮಕ್ಕಳಿಲ್ಲದ ವಿವಾಹಿತರಿಗೆ 3,000, ಒಂದು ಮಗುವಿದ್ದರೆ 3,300, ಎರಡು ಅಥವಾ ಹೆಚ್ಚು ಮಕ್ಕಳಿದ್ದರೆ 3,600 ರೂಪಾಯಿ ತೆರಿಗೆಯಿಲ್ಲದ ಹಂತ. ಮೂರನೆಯ ಮಗುವಿಗೆ ಏನೂ ಇಲ್ಲ.

ಮದುವೆಯಾಗದವರ ಮೇಲೆ ದಂಡ ಹಾಕಿದಂತೆ ಇದು ಇಂದು ಕಾಣಬಹುದು. ಆದರೆ ಅದರ ಒಳಗಿನ ಮಾತು ಸರಳ: ಒಂದೇ ಸಂಬಳದಲ್ಲಿ ಒಬ್ಬನೇ ಉಣ್ಣುವುದಕ್ಕೂ ನಾಲ್ವರು ಉಣ್ಣುವುದಕ್ಕೂ ವ್ಯತ್ಯಾಸವಿದೆ. 1970ರ ದಶಕದ ಆರಂಭದ ಹೊತ್ತಿಗೆ ಈ ಭೇದ ಹೋಗಿ, ಮದುವೆ ಮಕ್ಕಳ ಗೊಡವೆಯಿಲ್ಲದ ಒಂದೇ ಮಿತಿ ಎಲ್ಲರಿಗೂ ಬಂತು. ಲೆಕ್ಕ ಸುಲಭವಾಯಿತು. ಸಂಸಾರದ ಖರ್ಚು ತೆರಿಗೆಯ ಮೂಲ ಲೆಕ್ಕದಿಂದ ಆಚೆ ಹೋಯಿತು. ಉಳಿದದ್ದು ಅಲ್ಲೊಂದು ಇಲ್ಲೊಂದು ಕಡಿತ. 'ಎರಡೇ ಮಕ್ಕಳು' ಎಂಬ ಮಿತಿ ಮಾತ್ರ ಅವುಗಳಲ್ಲಿ ಉಳಿದುಕೊಂಡಿತು: ಶಾಲೆಯ ಫೀಸಿನ ಕಡಿತ ಎರಡು ಮಕ್ಕಳಿಗೆ, ಮಕ್ಕಳ ಶಿಕ್ಷಣ ಭತ್ಯೆಯ ವಿನಾಯಿತಿಯೂ ಎರಡೇ ಮಕ್ಕಳಿಗೆ, ಅದೂ ವರ್ಷಗಟ್ಟಲೆ ಮಗುವೊಂದಕ್ಕೆ ತಿಂಗಳಿಗೆ 100 ರೂಪಾಯಿ.

ಬಾಗಿಲುಗಳು ಮುಚ್ಚಿದ ಬಗೆ

ಖರ್ಚಿನ ಕಡೆ ಕೈ ಬಿಗಿಯಾದ ಹಾಗೆ, ಕೂಡಿಸುವ ಕಡೆ ಬಲೆ ಅಗಲವಾಯಿತು. ಸುರ್ಜಿತ್ ಲಾಲ್ ಛಾಬ್ಡಾ ಎಂಬುವರು 1956ರಲ್ಲಿ 'ಕಥೋಕೆ ಲಾಡ್ಜ್' ಎಂಬ ತಮ್ಮ ಸ್ವಂತ ಕಟ್ಟಡವನ್ನು ಕುಟುಂಬದ ಆಸ್ತಿಯೆಂದು ಘೋಷಿಸಿದರು. ಕುಟುಂಬ ಎಂದರೆ ಅವರು, ಹೆಂಡತಿ ಮತ್ತು ಮದುವೆಯಾಗದ ಮಗಳು. ಬಾಡಿಗೆಯ ಆದಾಯವನ್ನು ಅವಿಭಕ್ತ ಕುಟುಂಬದ್ದೆಂದು ಪರಿಗಣಿಸಬೇಕೆಂದು ಕೇಳಿದರು. 1975ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಮೂವರೂ ಸೇರಿ ಅವಿಭಕ್ತ ಕುಟುಂಬವೇ ಎಂದು ಒಪ್ಪಿತು. ಆದರೆ ಆ ಆಸ್ತಿ ಮೂಲತಃ ಅವರ ಸ್ವಂತದ್ದು, ಮಗನಿಲ್ಲದ ಆ ಮನೆಯಲ್ಲಿ ಅದರ ಮೇಲೆ ಅವರಿಗಿದ್ದ ಅಧಿಕಾರ ಮೊದಲಿನಂತೆಯೇ ಇದೆ, ಹಾಗಾಗಿ ತೆರಿಗೆಯೂ ಅವರೊಬ್ಬರದೇ ಎಂದಿತು. ಅಷ್ಟು ಹೊತ್ತಿಗೆ ಸಂಸತ್ತೂ ಇಂಥ ದಾರಿಗೆ ಬೇಲಿ ಹಾಕಿತ್ತು. 1969ರ ಡಿಸೆಂಬರ್ 31ರ ನಂತರ ಸ್ವಂತ ಆಸ್ತಿಯನ್ನು ಕುಟುಂಬದ್ದಾಗಿ ಮಾಡಿದರೆ ಆದಾಯ ಕೊಟ್ಟವನ ಲೆಕ್ಕಕ್ಕೇ ವಾಪಸು. ಸಂಬಳದ ಹಣವನ್ನು ಎಚ್‌ಯುಎಫ್ ಖಾತೆಗೆ ಹಾಕಿ ತೆರಿಗೆ ಉಳಿಸಬಹುದು ಎಂದುಕೊಳ್ಳುವವರಿಗೆ ಅಡ್ಡ ಬರುವುದು ಈ ನಿಯಮವೇ.

1970ರ ದಶಕದಲ್ಲಿ ಸೊಸೆಗೆ ಕೊಟ್ಟ ಆಸ್ತಿಯ ಆದಾಯವೂ ಮಾವ ಅಥವಾ ಅತ್ತೆಯ ಲೆಕ್ಕಕ್ಕೆ ಸೇರಿತು. 1992ರ ಬಜೆಟ್ಟಿನಲ್ಲಿ ಮನಮೋಹನ್ ಸಿಂಗ್ ಅಪ್ರಾಪ್ತ ಮಕ್ಕಳ ಬಹುಪಾಲು ಎಲ್ಲ ಆದಾಯವನ್ನೂ ತಂದೆ ತಾಯಿಯ ಆದಾಯಕ್ಕೆ ಸೇರಿಸಿದರು, ಅದು ಅಜ್ಜಿ ಕೊಟ್ಟ ಹಣದ ಬಡ್ಡಿಯಾಗಿದ್ದರೂ. ಮಗುವೊಂದಕ್ಕೆ ವರ್ಷಕ್ಕೆ 1,500 ರೂಪಾಯಿ ಮಾತ್ರ ವಿನಾಯಿತಿ ಸಿಕ್ಕಿತು. ಮಗು ತನ್ನ ಮೈದುಡಿಮೆಯಿಂದ ಅಥವಾ ಪ್ರತಿಭೆಯಿಂದ ಗಳಿಸಿದ್ದು ಮಾತ್ರ ಅದರದೇ. ರಿಯಾಲಿಟಿ ಶೋನಲ್ಲಿ ಹಾಡಿ ಸಂಭಾವನೆ ಪಡೆದ ಹುಡುಗಿ ಸ್ವತಂತ್ರ ತೆರಿಗೆದಾರಳು, ಆ ಹಣವನ್ನು ಎಫ್‌ಡಿಯಲ್ಲಿಟ್ಟರೆ ಬರುವ ಬಡ್ಡಿ ಮಾತ್ರ ಅಪ್ಪನದೋ ಅಮ್ಮನದೋ.

ಇಷ್ಟೆಲ್ಲದರ ನಡುವೆ ಗಂಡ ಹೆಂಡತಿಯ ಆದಾಯವನ್ನು ಸಮನಾಗಿ ಹಂಚುವ ಒಂದು ಮೂಲೆ ದೇಶದಲ್ಲಿದೆ, ಕಾರವಾರದಿಂದ ಗಡಿ ದಾಟಿದರೆ ಸಿಗುವಷ್ಟು ಹತ್ತಿರ. ಗೋವಾದಲ್ಲಿ ಪೋರ್ಚುಗೀಸ್ ನಾಗರಿಕ ಸಂಹಿತೆಯ ಪ್ರಕಾರ ದಂಪತಿಯ ಆಸ್ತಿ ಇಬ್ಬರಿಗೂ ಜಂಟಿ. 1994ರಲ್ಲಿ ಆದಾಯ ತೆರಿಗೆ ಕಾಯ್ದೆ ಅದಕ್ಕೆ ತಲೆಬಾಗಿತು, ಅದೂ 1963ರಿಂದಲೇ ಅನ್ವಯವಾಗುವಂತೆ. ಸಂಬಳ ಬಿಟ್ಟು ಉಳಿದ ಆದಾಯ ಇಬ್ಬರ ರಿಟರ್ನ್‌ಗಳಲ್ಲಿ ಅರ್ಧರ್ಧ.

ಕರ್ತಾ ಆದ ಮಗಳು

1886ರ ಕಾಯ್ದೆ ಒಪ್ಪಿಕೊಂಡ ಅವಿಭಕ್ತ ಕುಟುಂಬ ಗಂಡಸರ ಕುಟುಂಬ. ಅದು ಬದಲಾದದ್ದು ತೆರಿಗೆ ಕಾನೂನಿನಿಂದ ಅಲ್ಲ, ಉತ್ತರಾಧಿಕಾರದ ಕಾನೂನಿನಿಂದ. ಆ ದಾರಿಯನ್ನು ಮೊದಲು ತೋರಿದ್ದು ರಾಜ್ಯಗಳು. ಹುಟ್ಟಿನಿಂದಲೇ ಮಗಳಿಗೂ ಮಗನಷ್ಟೇ ಹಕ್ಕು ಎಂದು ಆಂಧ್ರಪ್ರದೇಶ 1986ರಲ್ಲಿ, ತಮಿಳುನಾಡು 1989ರಲ್ಲಿ ತಿದ್ದುಪಡಿ ಮಾಡಿಕೊಂಡವು. ಮಹಾರಾಷ್ಟ್ರ ಮತ್ತು ಕರ್ನಾಟಕ 1994ರಲ್ಲಿ ಜಾರಿಗೆ ತಂದವು, ಆದರೆ ಅಷ್ಟರಲ್ಲಿ ಮದುವೆಯಾಗಿದ್ದ ಹೆಣ್ಣುಮಕ್ಕಳನ್ನು ಹೊರಗಿಟ್ಟು. ಕೇರಳ 1976ರಲ್ಲಿ ಅವಿಭಕ್ತ ಕುಟುಂಬವನ್ನೇ ರದ್ದು ಮಾಡಿತ್ತು. 2005ರ ಸೆಪ್ಟೆಂಬರ್ 9ರಿಂದ ಕೇಂದ್ರದ ತಿದ್ದುಪಡಿ ಇಡೀ ದೇಶಕ್ಕೆ ಬಂತು. ಹಿರಿಯಳಾದರೆ ಮಗಳೂ ಕರ್ತಾ ಆಗಬಹುದು ಎಂದು ದೆಹಲಿ ಹೈಕೋರ್ಟ್ 2015ರಲ್ಲಿ ಹೇಳಿತು. ಮನೆಯಲ್ಲಿ ಗಂಡಸು ತಾನೊಬ್ಬನೇ ಎಂಬ ಬುದ್ದಣ್ಣನ ವಾದಕ್ಕೆ ಇಂದು ಅರ್ಥವೇ ಇಲ್ಲ. ಅವನ ಅಕ್ಕತಂಗಿಯರಿಗೂ ಈಗ ಅಷ್ಟೇ ಹಕ್ಕು.

ಇಂದಿನ ಲೆಕ್ಕ

ಈ ಇತಿಹಾಸವನ್ನು ಹಿಂದಿಟ್ಟುಕೊಂಡು ನೋಡಿದರೆ ಇಂದಿನ ನಿಯಮಗಳ ವಕ್ರತೆ ಅರ್ಥವಾಗುತ್ತದೆ. 1961ರ ಕಾಯ್ದೆಯ ಪರಿಚಿತ ಸಂಖ್ಯೆಗಳಲ್ಲೇ ಹೇಳುವುದಾದರೆ, ಹಳೆಯ ಪದ್ಧತಿಯಲ್ಲಿ ತಂದೆ ತಾಯಿಯ ಆರೋಗ್ಯ ವಿಮೆಗೆ 80ಡಿ ಅಡಿ ಕಡಿತವಿದೆ, ಅವರು ಅವಲಂಬಿತರಾಗಿರಲಿ ಬಿಡಲಿ. ಅಂಗವೈಕಲ್ಯವಿರುವ ಅವಲಂಬಿತರಿಗೆ 80ಡಿಡಿ ಅಡಿ 75,000 ರೂಪಾಯಿ, ತೀವ್ರ ವೈಕಲ್ಯವಿದ್ದರೆ 1,25,000. ಇಲ್ಲಿ ಮಾತ್ರ ಸಂಗಾತಿ, ಮಕ್ಕಳು, ತಂದೆ ತಾಯಿ, ಅಣ್ಣ ತಮ್ಮ, ಅಕ್ಕ ತಂಗಿ ಎಂದು ಕಾನೂನು ಮನೆಯವರನ್ನು ಹೆಸರಿಟ್ಟು ಕರೆಯುತ್ತದೆ. ಆರೋಗ್ಯವಾಗಿರುವ, ಆದಾಯವಿಲ್ಲದ ತಾಯಿಯನ್ನು ಸಾಕಿದ್ದಕ್ಕೆ ಕಡಿತವಿಲ್ಲ. ಆದರೆ ಮನೆ ತಾಯಿಯ ಹೆಸರಿನಲ್ಲಿದ್ದು, ಅಲ್ಲೇ ವಾಸವಿರುವ ಮಗಳು ಅವರಿಗೆ ನಿಜವಾಗಿ ಬಾಡಿಗೆ ಕೊಟ್ಟರೆ, ಸಂಬಳದ ಎಚ್‌ಆರ್‌ಎ ಮೇಲೆ ವಿನಾಯಿತಿ ಕೇಳಬಹುದು. ಆ ಬಾಡಿಗೆಯನ್ನು ತಾಯಿ ತಮ್ಮ ಆದಾಯವಾಗಿ ತೋರಿಸಬೇಕು. ಅಮ್ಮ ಎಂದು ಲೆಕ್ಕಕ್ಕೆ ಬರದವರು ಮನೆ ಮಾಲೀಕರು ಎಂದಾದರೆ ಬರುತ್ತಾರೆ.

ಒಂದು ಕಿಟಕಿ ತೆರೆದೇ ಇದೆ. ಕ್ಲಬ್ಬಿಂಗ್ ನಿಯಮ ಕೆಳಕ್ಕೆ, ಪಕ್ಕಕ್ಕೆ ಹರಡಿತೇ ಹೊರತು ಮೇಲಕ್ಕೆ ಹೋಗಲಿಲ್ಲ. ತಂದೆ ತಾಯಿಗೆ ಉಡುಗೊರೆಯಾಗಿ ಕೊಟ್ಟ ಹಣಕ್ಕೆ ತೆರಿಗೆ ಇಲ್ಲ, ಆ ಹಣದಿಂದ ಹುಟ್ಟುವ ಬಡ್ಡಿ ಅವರ ಆದಾಯವೇ. ಹಾವೇರಿಯ ಅಪ್ಪ ಅಮ್ಮನ ಹೆಸರಿನ ಎಫ್‌ಡಿಯ ಬಡ್ಡಿ ಪುಣೆಯ ಮಗನ ರಿಟರ್ನ್‌ಗೆ ಬರುವುದಿಲ್ಲ. ಆದರೆ ಇದು ಒಟ್ಟಿಗೆ ಎತ್ತಿಡಲು ದುಡ್ಡಿರುವವರಿಗೆ ಒದಗುವ ಅನುಕೂಲ. ತಿಂಗಳ ಸಂಬಳದಲ್ಲಿ ಉಳಿಸಿ ಊರಿಗೆ ಕಳಿಸುವವನಿಗೆ, ಕಳಿಸಿದ್ದು ಅಲ್ಲೇ ಖರ್ಚಾಗಿ ಹೋಗುವ ಮನೆಗೆ, ಇದರಿಂದ ಏನೂ ಇಲ್ಲ.

2020ರಲ್ಲಿ ಬಂದ, 2023ರಿಂದ ಕೇಳದಿದ್ದರೂ ಅನ್ವಯವಾಗುವ ಹೊಸ ಪದ್ಧತಿಯಲ್ಲಿ ದರ ಕಡಿಮೆ, ಕಡಿತಗಳು ಬಹುಮಟ್ಟಿಗೆ ಇಲ್ಲ. 80ಡಿ, 80ಡಿಡಿ, ಎಚ್‌ಆರ್‌ಎ, ಶಾಲೆಯ ಫೀಸು, ಮಗುವಿನ 1,500 ರೂಪಾಯಿ ಎಲ್ಲವೂ ಹೋದವು. ಕ್ಲಬ್ಬಿಂಗ್ ಹೋಗಲಿಲ್ಲ. 1961ರ ಕಾಯ್ದೆಯ ಜಾಗಕ್ಕೆ 2026ರ ಏಪ್ರಿಲ್ 1ರಿಂದ 2025ರ ಕಾಯ್ದೆ ಬರುವಾಗ ಭಾಷೆ ತಿಳಿಯಾಯಿತು, ಸೆಕ್ಷನ್‌ಗಳ ಸಂಖ್ಯೆ ಬದಲಾಯಿತು. ಹಿಂದೂ ಅವಿಭಕ್ತ ಕುಟುಂಬವೂ ಕ್ಲಬ್ಬಿಂಗ್ ನಿಯಮವೂ ಅದರಲ್ಲಿ ತಮ್ಮ ಜಾಗದಲ್ಲೇ ಇವೆ.

ಯಾವ ಪ್ಯಾನ್ ಕಾರ್ಡನ್ನಾದರೂ ನೋಡಿದರೆ ನಾಲ್ಕನೆಯ ಅಕ್ಷರದಲ್ಲಿ ಈ ಕತೆಯ ಸಾರಾಂಶ ಸಿಗುತ್ತದೆ. ವ್ಯಕ್ತಿಗೆ 'ಪಿ', ಅವಿಭಕ್ತ ಕುಟುಂಬಕ್ಕೆ 'ಎಚ್'. ಊರಿನಲ್ಲಿ ವಯಸ್ಸಾದ ತಂದೆ ತಾಯಿ, ಓದುತ್ತಿರುವ ತಂಗಿ, ಬೇರೆ ಊರಿನಲ್ಲಿ ದುಡಿಯುವ ಅಣ್ಣ, ಇವರೆಲ್ಲರನ್ನೂ ಹಿಡಿದಿಟ್ಟಿರುವುದು ತಿಂಗಳ ಮೊದಲ ವಾರದ ಒಂದು ಯುಪಿಐ ಪಾವತಿ. ಮುಂಬಯಿ, ಚೆನ್ನೈ, ಹೈದರಾಬಾದಿನ ಅದೆಷ್ಟೋ ಕನ್ನಡ ಮನೆಗಳ ರೂಪ ಇಂದು ಇದೇ. ಅಂಥ ಮನೆಗೆ ಇನ್ನೂ ಯಾವ ಅಕ್ಷರವೂ ಇಲ್ಲ.